ಹೆಪ್ಪುಗಟ್ಟಿದ ಪೈಪಿಗೆ ಯಾವ ಶಾಖ, ಯಾವಾಗ? ನೀರು, ಡೀಸೆಲ್, ಪೆಟ್ರೋಲ್ ಮೂರಕ್ಕೂ ಒಂದು ಹೋಲಿಕೆ

ಕೊರೆಯುವ ಚಳಿಯ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ನೀರಿಲ್ಲ. ಹೊರಗೆ ನಿಂತ ಗಾಡಿಯ ಕೀಲಿ ತಿರುಗಿಸಿದರೆ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಎರಡಕ್ಕೂ ನಾವು ‘ಪೈಪು ಹೆಪ್ಪುಗಟ್ಟಿದೆ’ ಎಂದೇ ಹೇಳುತ್ತೇವೆ. ಒಳಗೆ ನಡೆದಿರುವುದು ಮಾತ್ರ ಬೇರೆ ಬೇರೆ. ನೀರಿನ ಪೈಪಿನಲ್ಲಿ ನೀರೇ ಮಂಜುಗಡ್ಡೆಯಾಗಿರುತ್ತದೆ. ಡೀಸೆಲ್ ಪೈಪಿನಲ್ಲಿ ಡೀಸೆಲಿನೊಳಗಿದ್ದ ಮೇಣ ಹೊರಬಂದು ಫಿಲ್ಟರನ್ನು ಮುಚ್ಚಿರುತ್ತದೆ. ಪೆಟ್ರೋಲ್ ಸಾಮಾನ್ಯ ಚಳಿಗೆಲ್ಲ ಗಟ್ಟಿಯಾಗುವ ಪೈಕಿಯಲ್ಲ, ಅದರ ತಳದಲ್ಲಿ ಸೇರಿಕೊಂಡ ನೀರಿನ ಹನಿಗಳು ಗಟ್ಟಿಯಾಗಿ ದಾರಿ ಕಟ್ಟುತ್ತವೆ. ಯಾವುದು ಕಟ್ಟಿದೆ ಎಂದು ತಿಳಿಯದೆ ಕೈಗೆ ಸಿಕ್ಕ ಉಪಾಯ ಹಿಡಿದರೆ ನೀರಿನ ಪೈಪು ಒಡೆಯುತ್ತದೆ, ಇಂಧನದ ಪೈಪಾದರೆ ಜೀವಕ್ಕೇ ಕುತ್ತು ಬರಬಹುದು. ಹಾಗಾಗಿ ಒಂದೊಂದನ್ನೂ ಬೇರೆಯಾಗಿಯೇ ನೋಡೋಣ.

ನೀರಿನ ಪೈಪು: ಒಡೆಯುವುದು ಎಲ್ಲಿ, ಏಕೆ

ನೀರು ಗಡ್ಡೆಯಾಗುವಾಗ ಸುಮಾರು 9% ಹಿಗ್ಗುತ್ತದೆ. ಹಿಗ್ಗಿದ ಗಡ್ಡೆ ಪೈಪನ್ನು ಒಳಗಿನಿಂದ ಸೀಳುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಸಾಮಾನ್ಯವಾಗಿ ನಡೆಯುವುದು ಹಾಗಲ್ಲ. ಒಂದು ಕಡೆ ಗಡ್ಡೆ ಕಟ್ಟಿ ದಾರಿ ಮುಚ್ಚುತ್ತದೆ, ಮತ್ತೊಂದು ಕಡೆ ಮುಚ್ಚಿದ ನಲ್ಲಿ ಇರುತ್ತದೆ, ನಡುವೆ ದ್ರವವಾಗಿಯೇ ಉಳಿದ ನೀರು ಸಿಕ್ಕಿಬೀಳುತ್ತದೆ. ಗಡ್ಡೆ ಬೆಳೆದಂತೆ ಆ ನೀರನ್ನು ನಲ್ಲಿಯ ಕಡೆಗೆ ಒತ್ತುತ್ತದೆ. ನೀರು ಒತ್ತಿದರೆ ಕುಗ್ಗುವ ಪದಾರ್ಥವಲ್ಲ. ಒತ್ತಡ ಏರುತ್ತಾ ಹೋಗಿ ಕೊನೆಗೆ ಎಲ್ಲಿ ದುರ್ಬಲವಿದೆಯೋ ಅಲ್ಲಿ, ಕೆಲವೊಮ್ಮೆ ಗಡ್ಡೆಯೇ ಇಲ್ಲದ ಜಾಗದಲ್ಲಿ, ಪೈಪು ಬಿರಿಯುತ್ತದೆ. ಚಳಿಯ ರಾತ್ರಿ ನಲ್ಲಿಯನ್ನು ತುಸು ತೆರೆದಿಡಿ ಎಂಬ ಹಳೆಯ ಸಲಹೆಯ ನಿಜವಾದ ಬಲ ಇಲ್ಲಿದೆ. ಹರಿಯುವ ನೀರು ಗಡ್ಡೆ ಕಟ್ಟುವುದನ್ನು ತಡಮಾಡುತ್ತದೆ ನಿಜ. ಅದಕ್ಕಿಂತ ಮುಖ್ಯವಾಗಿ, ಗಡ್ಡೆ ಕಟ್ಟಿದರೂ ಒತ್ತಡ ಹೊರಹೋಗಲು ಬಾಯಿ ಇರುತ್ತದೆ.

ಇನ್ನೊಂದು ಸಂಗತಿ ನನಗೆ ಪೆಟ್ಟು ತಿಂದ ಮೇಲೆ ಗೊತ್ತಾಯಿತು. ಬಿರಿದ ಪೈಪು ಕೂಡಲೇ ಸೋರುವುದಿಲ್ಲ. ಗಡ್ಡೆಯೇ ಬಿರಡೆಯಂತೆ ಕುಳಿತು ನೀರನ್ನು ತಡೆದಿರುತ್ತದೆ. ನಾನು ಅರ್ಧ ಗಂಟೆ ಬಿಸಿ ಕೊಟ್ಟು, ನಲ್ಲಿಯಲ್ಲಿ ನೀರು ಬಂದದ್ದೇ ಸಾಕೆಂದು ಮಲಗಿದ್ದೆ. ಬೆಳಗಾಗುವಷ್ಟರಲ್ಲಿ ಗೋಡೆಯ ಹಿಂದೆ, ನಾನು ಬಿಸಿ ಮಾಡಿದ ಜಾಗದಿಂದ ಎರಡು ಮೊಳ ದೂರದ ಸೀಳಿನಿಂದ, ನೀರು ಇಡೀ ಕೋಣೆಗೆ ಹರಡಿತ್ತು. ಆದ್ದರಿಂದ ಯಾವ ಉಪಕರಣ ಎಂದು ಯೋಚಿಸುವ ಮೊದಲು ಮನೆಯ ಮುಖ್ಯ ವಾಲ್ವ್ ಎಲ್ಲಿದೆ, ಅದು ತಿರುಗುತ್ತದೆಯೇ ಎಂದು ನೋಡಿಕೊಳ್ಳಿ. ವರ್ಷಗಟ್ಟಲೆ ಮುಟ್ಟದ ವಾಲ್ವ್ ಬೇಕಾದ ಹೊತ್ತಿಗೆ ಜಗ್ಗದೆ ನಿಲ್ಲುವುದು ಸಾಮಾನ್ಯ.

ಕರಗಿಸುವಾಗ ಆ ವಾಲ್ವ್ ತೆರೆದಿರಬೇಕೇ, ಮುಚ್ಚಿರಬೇಕೇ? ಎರಡೂ ಅಭಿಪ್ರಾಯಗಳಿವೆ. ತೆರೆದಿದ್ದರೆ ಸಣ್ಣ ಸಂದು ಸಿಕ್ಕೊಡನೆ ನೀರು ನುಗ್ಗಿ ಉಳಿದ ಗಡ್ಡೆಯನ್ನು ತಾನೇ ಕರಗಿಸುತ್ತದೆ, ಕೆಲಸ ಬೇಗ ಆಗುತ್ತದೆ. ಮುಚ್ಚಿದ್ದರೆ ಸೀಳಿದ್ದರೂ ಅನಾಹುತವಾಗದು. ಪೈಪು ಕಣ್ಣಿಗೆ ಕಾಣುವಂತಿದ್ದು, ವಾಲ್ವ್ ಬಳಿ ಇನ್ನೊಬ್ಬರು ನಿಂತಿರಲು ಸಾಧ್ಯವಿದ್ದರೆ ತೆರೆದಿಡಿ. ಗೋಡೆಯೊಳಗೆ, ನೆಲದಡಿ, ಛಾವಣಿಯ ಮೇಲೆ ಅಡಗಿದ್ದರೆ ಮುಚ್ಚಿಯೇ ಕರಗಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಟ್ಟು ಕಿವಿಗೊಡಿ.

ಗಡ್ಡೆ ಎಲ್ಲಿದೆ ಎಂದು ಹುಡುಕುವುದು ಕಷ್ಟವೇನಲ್ಲ. ಒಂದೇ ನಲ್ಲಿ ನಿಂತಿದ್ದರೆ ಅದರ ಕವಲಿನಲ್ಲಿ, ಎಲ್ಲವೂ ನಿಂತಿದ್ದರೆ ನೀರು ಮನೆಯೊಳಗೆ ಬರುವ ಜಾಗದಲ್ಲಿ. ಹೊರಗೋಡೆಗೆ ತಾಗಿದ ಭಾಗ, ಸಿಂಕಿನ ಕೆಳಗಿನ ಕಪಾಟು, ಬಿಸಿಯಿಲ್ಲದ ನೆಲಮಾಳಿಗೆ ಇವನ್ನು ಮೊದಲು ನೋಡಿ. ಪೈಪಿನ ಮೇಲೆ ಬಿಳಿ ಹಿಮದ ಪುಡಿ ಕಂಡರೆ, ಒಂದು ಜಾಗ ಉಬ್ಬಿದ್ದರೆ, ಮುಟ್ಟಿದಾಗ ಉಳಿದ ಕಡೆಗಿಂತ ತಣ್ಣಗಿದ್ದರೆ ಅದೇ ಜಾಗ.

ಕರಗಿಸುವ ಉಪಾಯಗಳಲ್ಲಿ ಯಾವುದು ಮೇಲು

ಒಂದು ಸಣ್ಣ ಲೆಕ್ಕ. 1 ಕಿಲೋ ಗಡ್ಡೆಯನ್ನು ಬರೀ ಕರಗಿಸಲು 334 ಕಿಲೋಜೂಲ್ ಶಾಖ ಬೇಕು. ಅಷ್ಟೇ ನೀರನ್ನು 0 ಡಿಗ್ರಿಯಿಂದ 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲು ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ. 20 ಮಿ.ಮೀ. ಒಳವ್ಯಾಸದ ಪೈಪಿನ 1 ಮೀಟರ್ ಉದ್ದದಲ್ಲಿ ಸುಮಾರು 0.3 ಲೀಟರ್ ನೀರಿರುತ್ತದೆ. ಅದನ್ನು ಕರಗಿಸಲು ಬೇಕಾದದ್ದು 100 ಕಿಲೋಜೂಲ್‌ನಷ್ಟು. 1,500 ವಾಟ್‌ನ ಹೇರ್ ಡ್ರೈಯರ್ ಹೊರಡಿಸುವ ಶಾಖವೆಲ್ಲ ಗಡ್ಡೆಗೇ ಸೇರಿದ್ದರೆ ಒಂದು ನಿಮಿಷದ ಮೇಲೆ ಕೆಲವು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಹೆಚ್ಚಿನ ಪಾಲು ಗಾಳಿಗೆ ಹೋಗುತ್ತದೆ. ಅದಕ್ಕೇ ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯುವುದು. ಇಲ್ಲಿಂದ ತಿಳಿಯುವುದೇನೆಂದರೆ, ಉರಿ ಹೆಚ್ಚಿಸುವುದಕ್ಕಿಂತ ಇರುವ ಶಾಖ ಪೈಪಿಗೇ ತಲುಪುವಂತೆ ಮಾಡುವುದು ಜಾಣತನ. ಪೈಪಿನ ಹಿಂದೆ ಅಲ್ಯೂಮಿನಿಯಂ ಹಾಳೆ ಅಡ್ಡ ಹಿಡಿದರೆ, ಸುತ್ತ ಹಳೆಯ ಕಂಬಳಿಯಿಂದ ಮರೆಮಾಡಿದರೆ ಸಾಧಾರಣ ಡ್ರೈಯರೇ ಸಾಕಾಗುತ್ತದೆ.

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ನಾನು ಮೊದಲ ಆಯ್ಕೆಯಾಗಿ ಇಡುತ್ತೇನೆ. ಬಟ್ಟೆ ಪೈಪನ್ನು ಅಪ್ಪಿಕೊಳ್ಳುವುದರಿಂದ ಶಾಖ ನೇರವಾಗಿ ಸೇರುತ್ತದೆ, ಕರೆಂಟು ಬೇಡ, ಬೆಂಕಿಯ ಭಯವಿಲ್ಲ, ಪ್ಲಾಸ್ಟಿಕ್ ಪೈಪಿಗೂ ಹಾನಿಯಿಲ್ಲ. ಐದೈದು ನಿಮಿಷಕ್ಕೆ ಬಟ್ಟೆ ಬದಲಿಸುವ ತಾಳ್ಮೆ ಬೇಕು, ಅಷ್ಟೇ. ಹೇರ್ ಡ್ರೈಯರ್ ಅದಕ್ಕಿಂತ ಆರಾಮ, ಬಟ್ಟೆ ಸುತ್ತಲಾಗದ ಮೂಲೆಗೂ ಹೋಗುತ್ತದೆ. ನೆಲದಲ್ಲಿ ನೀರು ನಿಂತಿದ್ದರೆ ಮಾತ್ರ ಅದನ್ನು ಕೈಗೆತ್ತಿಕೊಳ್ಳಲೇಬಾರದು. ಬೆನ್ನುನೋವಿಗೆ ಬಳಸುವ ವಿದ್ಯುತ್ ಶಾಖದ ಪ್ಯಾಡನ್ನು ಲೋಹದ ಪೈಪಿಗೆ ಸುತ್ತುವುದೂ ಒಳ್ಳೆಯ ಉಪಾಯ, ನಿಧಾನವಾದರೂ ಒಂದೇ ಸಮನೆ ಬಿಸಿ ಕೊಡುತ್ತದೆ. ಗೋಡೆಯೊಳಗೆ ಎಲ್ಲೋ ಕಟ್ಟಿದ್ದು ಜಾಗ ತಿಳಿಯದಿದ್ದಾಗ ಕೋಣೆಯನ್ನೇ ಬಿಸಿ ಮಾಡುವುದು ಬಿಟ್ಟರೆ ದಾರಿಯಿಲ್ಲ. ರೂಮ್ ಹೀಟರ್ ಇಟ್ಟು, ಕಪಾಟಿನ ಬಾಗಿಲು ತೆರೆದು, ಗಂಟೆಗಟ್ಟಲೆ ಕಾಯಬೇಕು. ಹೀಟರಿನ ಬಳಿ ಪರದೆ, ಬಟ್ಟೆ, ಕಾಗದ ಇರಕೂಡದು. ಅದನ್ನು ಹಾಗೇ ಉರಿಯಬಿಟ್ಟು ಹೊರಗೆ ಹೋಗಲೂಕೂಡದು.

ಹೀಟ್ ಗನ್ ಬಗ್ಗೆ ನನಗೆ ಒಲವಿಲ್ಲ. ಅದರ ಬಾಯಿಂದ ಹೊರಡುವ ಗಾಳಿ ನೂರಾರು ಡಿಗ್ರಿ ಇರುತ್ತದೆ. ಪಿವಿಸಿ ಪೈಪು ಸುಮಾರು 60 ಡಿಗ್ರಿಯ ಮೇಲೆ ಒತ್ತಡ ತಾಳುವುದಿಲ್ಲ, ಮೆತ್ತಗಾಗುತ್ತದೆ. ಅದೇ ಪಿವಿಸಿ ಚಳಿಯಲ್ಲಿ ಗಾಜಿನಂತೆ ಪೆಡಸಾಗುವುದರಿಂದ ಗಡ್ಡೆ ಬಿಡಿಸಲೆಂದು ತಟ್ಟುವುದೂ ತಪ್ಪು. ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪು ತುಸು ಹಿಗ್ಗಿ ಗಡ್ಡೆಯನ್ನು ಸಹಿಸಿಕೊಳ್ಳುತ್ತದೆ, ಆದರೆ ಅದರ ಜೋಡಣೆಗಳು ಸಹಿಸುವುದಿಲ್ಲ. ಕರಗಿಸಿದ ಮೇಲೆ ಪೆಕ್ಸ್‌ನಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಆ ಜೋಡಣೆಗಳನ್ನೇ. ತಾಮ್ರ ಶಾಖವನ್ನು ಬೇಗ ಒಯ್ಯುವುದರಿಂದ ಒಂದು ತುದಿ ಬಿಸಿ ಮಾಡಿದರೆ ಸಾಕಷ್ಟು ದೂರ ಹಬ್ಬುತ್ತದೆ.

ಬೆಂಕಿಯನ್ನು, ಬ್ಲೋ ಲ್ಯಾಂಪನ್ನು ಹೋಲಿಕೆಗೇ ತೆಗೆದುಕೊಳ್ಳಬಾರದು. ತಾಮ್ರದ ಬೆಸುಗೆ ಕರಗುತ್ತದೆ. ಎರಡು ಗಡ್ಡೆಗಳ ನಡುವೆ ಸಿಕ್ಕ ನೀರು ಆವಿಯಾಗಿ ಪೈಪು ಸಿಡಿಯಬಹುದು. ಗೋಡೆಯೊಳಗಿನ ಮರಕ್ಕೆ ತಗುಲಿದ ಕಿಡಿ ಗಂಟೆಗಳ ಮೇಲೆ ಉರಿಯಾಗಿ ಏಳಬಹುದು. ಲೋಹದ ಪೈಪಿನೊಳಗೆ ವೆಲ್ಡಿಂಗ್ ಯಂತ್ರದ ಕರೆಂಟು ಹರಿಸಿ ಕರಗಿಸುವ ಪದ್ಧತಿಯೂ ಇದೆ. ಕರೆಂಟು ನಾವಂದುಕೊಂಡ ದಾರಿಯಲ್ಲೇ ಹೋಗುತ್ತದೆಂಬ ಭರವಸೆಯಿಲ್ಲ, ಮನೆಯ ವೈರಿಂಗಿಗೋ ಗ್ಯಾಸ್ ಪೈಪಿಗೋ ನುಗ್ಗಿ ಬೆಂಕಿ ಹಚ್ಚಬಹುದು. ನೆಲದಡಿಯ ಉದ್ದ ಪೈಪಿಗೆ ಅದಕ್ಕಿಂತ ಒಳ್ಳೆಯದೆಂದರೆ, ತೆಳುವಾದ ಬಾಗುವ ನಳಿಗೆಯನ್ನು ಒಳಗೆ ತೂರಿಸಿ ಬಿಸಿನೀರು ಚಿಮ್ಮಿಸುವ ವಿಧಾನ. ಅದು ಕಸುಬುದಾರರ ಕೆಲಸ.

ಯಾವ ಉಪಾಯವಾದರೂ ನಲ್ಲಿ ತೆರೆದಿಟ್ಟು, ನಲ್ಲಿಯ ಕಡೆಯಿಂದ ಶುರುಮಾಡಿ ಗಡ್ಡೆಯ ಕಡೆಗೆ ಸಾಗಬೇಕು. ನಡುವಿನಿಂದ ಶುರುಮಾಡಿದರೆ ಕರಗಿದ ನೀರಿಗೆ, ಆವಿಗೆ ಹೊರದಾರಿ ಇರುವುದಿಲ್ಲ.

ತಡೆಯುವುದಾದರೆ: ಹೊದಿಕೆ, ಶಾಖದ ಕೇಬಲ್, ಹನಿಸುವುದು, ಬರಿದು ಮಾಡುವುದು

ನೀರು 0 ಡಿಗ್ರಿಗೆ ಗಡ್ಡೆಯಾಗಬೇಕಾದರೂ ಪೈಪಿನೊಳಗೆ ಅದು ಕೆಲವು ಡಿಗ್ರಿ ಕೆಳಗಿಳಿದ ಮೇಲೂ ದ್ರವವಾಗಿ ಉಳಿದು, ಆಮೇಲೆ ಒಮ್ಮೆಗೇ ಗಡ್ಡೆ ಕಟ್ಟಲು ಶುರುವಾಗುತ್ತದೆ. ಹೊದಿಕೆಯಿಲ್ಲದ, ಬಿಸಿಯಿಲ್ಲದ ಜಾಗದ ಪೈಪಿಗೆ ಹೊರಗಿನ ಉಷ್ಣಾಂಶ ಮೈನಸ್ 7 ಡಿಗ್ರಿಗೆ ಇಳಿಯುವುದನ್ನು ಎಚ್ಚರಿಕೆಯ ಗೆರೆ ಎಂದು ಇಟ್ಟುಕೊಳ್ಳುವುದು ವಾಡಿಕೆ. ಸಂದಿನಿಂದ ತಣ್ಣನೆಯ ಗಾಳಿ ನೇರ ಬೀಸುತ್ತಿದ್ದರೆ ಅದಕ್ಕೂ ಮೊದಲೇ ಕಟ್ಟಬಹುದು. ಹಾಗಾಗಿ ಯಾವುದಕ್ಕೂ ಖರ್ಚು ಮಾಡುವ ಮೊದಲು ಪೈಪು ಗೋಡೆ ದಾಟುವ ತೂತುಗಳನ್ನು ಮುಚ್ಚಿ. ಇಷ್ಟು ಅಗ್ಗದಲ್ಲಿ ಇಷ್ಟು ಫಲ ಕೊಡುವ ಕೆಲಸ ಬೇರೊಂದಿಲ್ಲ.

ಫೋಮ್ ಹೊದಿಕೆಯಿಂದ ಅತಿಯಾಗಿ ನಿರೀಕ್ಷಿಸಬೇಡಿ. ಅದು ಶಾಖ ಹುಟ್ಟಿಸುವುದಿಲ್ಲ, ಇರುವ ಶಾಖ ಹೋಗುವುದನ್ನು ತಡಮಾಡುತ್ತದೆ. ಒಂದು ರಾತ್ರಿಯ ಚಳಿ ದಾಟಿಸಬಲ್ಲದು. ನೀರು ಹರಿಯದೆ ನಿಂತ ಸಣ್ಣ ಪೈಪು ದಿನಗಟ್ಟಲೆ ಚಳಿಯಲ್ಲಿದ್ದರೆ ಹೊದಿಕೆಯೊಳಗೇ ಗಡ್ಡೆಯಾಗುತ್ತದೆ. ಹೊರಗೋಡೆಯೊಳಗಿನ ಪೈಪಿಗೆ ಹತ್ತಿಯಂಥ ಹೊದಿಕೆ ತುಂಬುವಾಗ ಪೈಪು ಮತ್ತು ಹೊರಗಿನ ಚಳಿಯ ನಡುವೆ ತುಂಬಬೇಕು. ಪೈಪು ಮತ್ತು ಕೋಣೆಯ ನಡುವೆ ತುಂಬಿದರೆ ಕೋಣೆಯ ಬಿಸಿ ತಲುಪದೆ ಪೈಪು ಮೊದಲಿಗಿಂತ ತಣ್ಣಗಾಗುತ್ತದೆ. ಈ ತಪ್ಪು ನಡೆಯುತ್ತಲೇ ಇರುತ್ತದೆ.

ಶಾಖದ ಕೇಬಲ್‌ನಲ್ಲಿ ಎರಡು ಬಗೆ. ಒಂದು, ಎಲ್ಲ ಕಡೆ ಯಾವಾಗಲೂ ಒಂದೇ ಶಾಖ ಕೊಡುವುದು. ಇದನ್ನು ಒಂದರ ಮೇಲೊಂದು ಹಾಯುವಂತೆ ಸುತ್ತಿದರೆ ಆ ಜಾಗ ಸುಟ್ಟುಹೋಗುತ್ತದೆ. ಇನ್ನೊಂದು ತಾನೇ ಹೊಂದಿಕೊಳ್ಳುವುದು. ಇದರ ತಿರುಳು ಇಂಗಾಲ ಬೆರೆತ ಪ್ಲಾಸ್ಟಿಕ್, ತಣ್ಣಗಾದಲ್ಲಿ ಹೆಚ್ಚು ಕರೆಂಟು ಎಳೆದು ಬಿಸಿಯಾದಲ್ಲಿ ಕಡಿಮೆ ಎಳೆಯುತ್ತದೆ. ಮನೆಗೆ ತರುವುದಾದರೆ ಎರಡನೆಯದನ್ನೇ ತನ್ನಿ. ಬೆಲೆ ಹೆಚ್ಚಾದರೂ ಅದರ ಮೇಲೆ ನನಗೆ ನಂಬಿಕೆಯಿದೆ. ಬಿಸಿ ದಿನಗಳಲ್ಲೂ ಅದು ಪೂರ್ತಿ ನಿಲ್ಲುವುದಿಲ್ಲವಾದ್ದರಿಂದ ಥರ್ಮೋಸ್ಟಾಟ್ ಜೊತೆಗಿರಲಿ, ಕರೆಂಟು ನೆಲಕ್ಕೆ ಸೋರಿದೊಡನೆ ಕಡಿದುಕೊಳ್ಳುವ ಬ್ರೇಕರಿನ ಮೂಲಕವೇ ಜೋಡಿಸಿ. ಹೊರಪದರ ಬಿರುಕುಬಿಟ್ಟ ಹಳೆಯ ಕೇಬಲನ್ನು ಟೇಪು ಸುತ್ತಿ ಮುಂದುವರಿಸಬಾರದು.

ಆದರೆ ಕೇಬಲ್ ಆಗಲಿ ಹೀಟರ್ ಆಗಲಿ ಕರೆಂಟು ಹೋದರೆ ಸತ್ತಂತೆಯೇ. ಹಿಮಗಾಳಿಯ ರಾತ್ರಿಯಲ್ಲೇ ತಂತಿಗಳು ಕಡಿದುಬೀಳುವುದು ಹೆಚ್ಚು. ಅಂಥ ರಾತ್ರಿಗೆ ನಲ್ಲಿ ಹನಿಸುವ ಉಪಾಯ ಕೈಬಿಡುವುದಿಲ್ಲ, ನೀರು ಪಂಪಿನ ಮೇಲೆ ಅವಲಂಬಿಸದಿದ್ದರೆ. ಬಿಸಿನೀರು ತಣ್ಣೀರು ಎರಡೂ ಸಾಲುಗಳು ಹನಿಯಬೇಕು, ಗಡ್ಡೆಯ ಅಪಾಯವಿರುವ ಜಾಗ ದಾಟಿದ ಮೇಲಿನ ನಲ್ಲಿಯೇ ಆಗಿರಬೇಕು. ಇದಕ್ಕೂ ಒಂದು ಕೊರತೆಯಿದೆ: ಬಚ್ಚಲಿನ ಕೊಳವೆ ಚಳಿಯ ಜಾಗದಲ್ಲಿ ಹಾದುಹೋಗಿದ್ದರೆ, ಸಣ್ಣಗೆ ಹರಿವ ನೀರು ಅಲ್ಲೇ ಪದರ ಪದರವಾಗಿ ಗಟ್ಟಿಯಾಗಿ ಅದನ್ನೂ ಕಟ್ಟಿಬಿಡಬಹುದು.

ಮನೆ ಬಿಟ್ಟು ಹೋಗುವವರಿಗೆ ಮಾತ್ರ ನಾನು ಬೇರೆ ಆಯ್ಕೆ ಹೇಳುವುದಿಲ್ಲ. ನೀರು ಬರಿದು ಮಾಡಿಯೇ ಹೋಗಿ. ಮೊದಲು ಗೀಜರ್ ಆರಿಸಿ, ಇಲ್ಲದಿದ್ದರೆ ನೀರಿಲ್ಲದೆ ಅದರ ಕಾಯಿಲ್ ಸುಡುತ್ತದೆ. ಮುಖ್ಯ ವಾಲ್ವ್ ಮುಚ್ಚಿ. ಮೇಲಿನ ನಲ್ಲಿಗಳನ್ನೂ ತಳದ ನಲ್ಲಿಯನ್ನೂ ಒಟ್ಟಿಗೆ ತೆರೆಯಿರಿ, ಮೇಲಿನಿಂದ ಗಾಳಿ ಬಂದರೆ ತಾನೇ ಕೆಳಗೆ ನೀರು ಇಳಿಯುವುದು. ಕಮೋಡಿನ ಟ್ಯಾಂಕು ಖಾಲಿ ಮಾಡಿ. ಇಳಿಜಾರಿಲ್ಲದ ಜಾಗದ ನೀರನ್ನು ಗಾಳಿ ಕಂಪ್ರೆಸರ್‌ನಿಂದ ಊದಿಸಬೇಕಾಗುತ್ತದೆ. ಸಿಂಕಿನ ಕೆಳಗಿನ ಬಾಗುಕೊಳವೆಯಲ್ಲಿ ಉಳಿಯುವ ನೀರಿಗೆ ಪ್ರೊಪಿಲೀನ್ ಗ್ಲೈಕಾಲ್ ಇರುವ ದ್ರಾವಣ ಸುರಿಯಬಹುದು. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಮನೆಯ ನೀರಿನ ವ್ಯವಸ್ಥೆಯ ಹತ್ತಿರವೂ ಅದು ಬರಬಾರದು. ಬರಿದು ಮಾಡದೆ ಹೀಟರ್ ಹಚ್ಚಿಟ್ಟು ಹೋಗುವವರು 13 ಡಿಗ್ರಿಗಿಂತ ಕೆಳಗೆ ಇಡಬಾರದು.

ಡೀಸೆಲ್: ಕಟ್ಟುವುದು ಮೇಣ

ಡೀಸೆಲಿನಲ್ಲಿ ಪ್ಯಾರಾಫಿನ್ ಮೇಣ ಸಹಜವಾಗಿಯೇ ಕರಗಿಕೊಂಡಿರುತ್ತದೆ. ಚಳಿ ಏರಿದಂತೆ ಮೊದಲು ಸಣ್ಣ ಹರಳುಗಳು ಮೂಡಿ ಡೀಸೆಲ್ ಮಬ್ಬಾಗುತ್ತದೆ. ಇದು ಮಬ್ಬಿನ ಬಿಂದು. ಇನ್ನಷ್ಟು ತಣ್ಣಗಾದರೆ ಹರಳುಗಳು ಫಿಲ್ಟರ್ ದಾಟದೆ ಅಲ್ಲೇ ಗುಡ್ಡೆಯಾಗುತ್ತವೆ. ಪೂರ್ತಿ ಹರಿಯದೇ ನಿಲ್ಲುವುದು ಅದಕ್ಕೂ ಕೆಳಗೆ. ಗಾಡಿ ನಿಲ್ಲುವುದು ಎರಡನೆಯ ಹಂತದಲ್ಲೇ, ಟ್ಯಾಂಕಿನಲ್ಲಿ ಡೀಸೆಲ್ ಇನ್ನೂ ಅಲುಗಾಡುತ್ತಿರುವಾಗ. ಯುರೋಪಿನ ಇಎನ್ 590 ಮಾನದಂಡ ಡೀಸೆಲನ್ನು ಈ ಫಿಲ್ಟರ್ ಕಟ್ಟುವ ಉಷ್ಣಾಂಶದ ಮೇಲೇ ವಿಂಗಡಿಸುತ್ತದೆ: ಸಾಧಾರಣ ಹವೆಗೆ +5 ರಿಂದ ಮೈನಸ್ 20 ಡಿಗ್ರಿವರೆಗಿನ ದರ್ಜೆಗಳು, ಧ್ರುವಪ್ರದೇಶದ ಚಳಿಗೆ ಮೈನಸ್ 44ರವರೆಗಿನವು.

ಹಾಗಾಗಿ ಆಯ್ಕೆಗಳಲ್ಲಿ ಮೇಲಾದದ್ದು ಚಳಿಗಾಲದ ಡೀಸೆಲನ್ನೇ ತುಂಬುವುದು. ಬೆಚ್ಚಗಿನ ಪ್ರದೇಶದಲ್ಲಿ ಟ್ಯಾಂಕು ತುಂಬಿಸಿಕೊಂಡು ಬೆಟ್ಟದ ಚಳಿಗೆ ಹತ್ತುವವರು ಸಿಕ್ಕಿಬೀಳುವುದು ಇಲ್ಲಿಯೇ. ಹೊರಡುವಾಗ ಅರ್ಧ ಟ್ಯಾಂಕು ಸಾಕು, ಉಳಿದರ್ಧವನ್ನು ಚಳಿಯ ಊರಿನಲ್ಲಿ, ಬಿಸಿ ಎಂಜಿನ್ ಇರುವಾಗಲೇ ತುಂಬಿ ಒಂದಷ್ಟು ದೂರ ಓಡಿಸಿದರೆ ಹೊಸ ಡೀಸೆಲ್ ಪೈಪಿಗೂ ಫಿಲ್ಟರಿಗೂ ತಲುಪುತ್ತದೆ.

ಮೇಣ ತಡೆಯುವ ಸೇರ್ಪಡೆ ದ್ರವ ಎರಡನೆಯ ಆಯ್ಕೆ. ಅದು ಹರಳುಗಳನ್ನು ಸಣ್ಣದಾಗಿಯೇ ಉಳಿಸಿ ಫಿಲ್ಟರ್ ದಾಟಲು ಬಿಡುತ್ತದೆ, ಹರಳು ಮೂಡುವುದನ್ನೇ ನಿಲ್ಲಿಸುವುದಿಲ್ಲ. ಆದ್ದರಿಂದ ಡೀಸೆಲ್ ಮಬ್ಬಾಗುವ ಮೊದಲೇ ಹಾಕಬೇಕು. ಕಟ್ಟಿದ ಮೇಲೆ ಹಾಕುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ. ಕಟ್ಟಿದ್ದನ್ನು ಕರಗಿಸುವ ದ್ರವ ಬೇರೆಯೇ ಇದೆ, ಕೊಳ್ಳುವಾಗ ಡಬ್ಬಿಯ ಮೇಲೆ ಯಾವುದೆಂದು ಓದಿ. ಸೀಮೆಎಣ್ಣೆ ಬೆರೆಸುವ ಹಳೆಯ ಪದ್ಧತಿ ಕೆಲಸವೇನೋ ಮಾಡುತ್ತದೆ. ಆದರೆ ಜಾರುಗುಣ ಕಡಿಮೆಯಾಗಿ ಪಂಪು ಸವೆಯುತ್ತದೆ, ಹಲವು ದೇಶಗಳಲ್ಲಿ ರಸ್ತೆ ವಾಹನಕ್ಕೆ ಅದು ಕಾನೂನುಬಾಹಿರ. ಬಿಸಿ ಟ್ಯಾಂಕಿರದ ಹಳೆಯ ಜನರೇಟರಿಗೆ, ತಯಾರಕರು ಒಪ್ಪಿದ್ದರೆ, ಅದನ್ನು ಯೋಚಿಸಬಹುದು. ಪೆಟ್ರೋಲ್ ಬೆರೆಸುವುದು ಬೇಡವೇ ಬೇಡ. ಡೀಸೆಲಿನ ಆವಿ ಹೊತ್ತಿಕೊಳ್ಳಲು 50 ಡಿಗ್ರಿಗಿಂತ ಹೆಚ್ಚಿನ ಬಿಸಿ ಬೇಕು, ಪೆಟ್ರೋಲಿನ ಆವಿ ಮೈನಸ್ 40ರ ಆಸುಪಾಸಿನಲ್ಲೂ ಹೊತ್ತಿಕೊಳ್ಳುತ್ತದೆ. ಬೆರೆಸಿದ ಟ್ಯಾಂಕು ಪೆಟ್ರೋಲಿನಷ್ಟೇ ಅಪಾಯಕಾರಿ.

ಎಂಜಿನ್ ಬ್ಲಾಕ್ ಹೀಟರ್ ಇದೆ ಎಂದು ನೆಮ್ಮದಿಯಾಗಿರುವವರೂ ಇದ್ದಾರೆ. ಅದು ಎಂಜಿನನ್ನು ಬಿಸಿ ಮಾಡುತ್ತದೆ, ಟ್ಯಾಂಕಿನ ಡೀಸೆಲನ್ನಲ್ಲ. ಮೇಣಕ್ಕೆ ಬೇಕಾದದ್ದು ಫಿಲ್ಟರಿನ ಹೀಟರ್.

ಈಗಾಗಲೇ ಕಟ್ಟಿದ್ದರೆ ಕೀಲಿಯನ್ನು ಮತ್ತೆ ಮತ್ತೆ ತಿರುಗಿಸಬೇಡಿ. ಅಧಿಕ ಒತ್ತಡದ ಪಂಪಿಗೆ ಡೀಸೆಲೇ ಎಣ್ಣೆ, ಒಣಗಿ ಓಡಿದರೆ ಅದು ಹಾಳಾಗುತ್ತದೆ. ಗಾಡಿಯನ್ನು ಬೆಚ್ಚಗಿನ ಷೆಡ್ಡಿಗೆ ಎಳೆಸಿ ಒಂದು ರಾತ್ರಿ ಬಿಡುವುದೇ ಎಲ್ಲಕ್ಕಿಂತ ಒಳ್ಳೆಯ ಚಿಕಿತ್ಸೆ. ಷೆಡ್ಡಿಲ್ಲದಿದ್ದರೆ ಹೊಸ ಫಿಲ್ಟರನ್ನು ಕರಗಿಸುವ ದ್ರವ ಬೆರೆತ ಶುದ್ಧ ಡೀಸೆಲಿನಿಂದ ತುಂಬಿ ಹಾಕಿ, ಪೈಪಿಗೆ ಬಿಸಿ ಬಟ್ಟೆ ಸುತ್ತಿ. ಟ್ಯಾಂಕಿನಡಿ ಬೆಂಕಿ ಹಾಕುವುದನ್ನು ಧೈರ್ಯವೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಗ್ಲೋ ಪ್ಲಗ್ (ಚಳಿಯಲ್ಲಿ ಹೊರಡಲು ಎಂಜಿನಿನೊಳಗೆ ಕಾಯುವ ಕಡ್ಡಿ) ಇರುವ ಎಂಜಿನಿಗೆ, ಬೇಗ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆಯುವುದೂ ಅಪಾಯವೇ, ಗಾಳಿಯ ಕೊಳವೆಯಲ್ಲೇ ಸ್ಫೋಟಿಸಬಹುದು.

ಮೇಣದ ಜೊತೆ ನೀರಿನ ಪಾಲೂ ಇರುತ್ತದೆ. ನೀರು ಬೇರ್ಪಡಿಸುವ ಬಟ್ಟಲನ್ನು ಚಳಿಗೆ ಮೊದಲು ಬರಿದು ಮಾಡದಿದ್ದರೆ ಎಷ್ಟು ಒಳ್ಳೆಯ ಡೀಸೆಲ್ ತುಂಬಿದರೂ ಅಲ್ಲಿ ಗಡ್ಡೆ ಕೂರುತ್ತದೆ. ಹೊಸ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಾಲಿನ್ಯ ತಗ್ಗಿಸಲು ಬೇರೆ ಟ್ಯಾಂಕಿನಲ್ಲಿ ಹಾಕುವ ಯೂರಿಯಾ ದ್ರಾವಣ ಮೈನಸ್ 11 ಡಿಗ್ರಿಗೆ ಗಟ್ಟಿಯಾಗುತ್ತದೆ. ಅದಕ್ಕೆ ಗಾಬರಿ ಬೇಡ, ವಾಹನವೇ ಅದನ್ನು ಕರಗಿಸಿಕೊಳ್ಳುವಂತೆ ರಚನೆಯಿದೆ.

ಪೆಟ್ರೋಲ್: ಕಟ್ಟುವುದು ನೀರು

ಇಲ್ಲಿ ಕೆಲಸ ಕಡಿಮೆ, ಎಚ್ಚರ ಹೆಚ್ಚು. ಅರೆಖಾಲಿ ಟ್ಯಾಂಕಿನ ಒಳಗೋಡೆಗೆ ಗಾಳಿಯ ತೇವ ಹನಿಗಟ್ಟಿ ತಳ ಸೇರುತ್ತದೆ, ಆ ನೀರು ಪೈಪಿನ ತಗ್ಗಿನಲ್ಲಿ ಗಡ್ಡೆಯಾಗುತ್ತದೆ. ಟ್ಯಾಂಕನ್ನು ಅರ್ಧಕ್ಕಿಂತ ಕೆಳಗಿಳಿಸದಿರುವುದು ಖರ್ಚಿಲ್ಲದ ತಡೆ. ತೇವ ಹೀರುವ ದ್ರವಗಳಲ್ಲಿ ಐಸೋಪ್ರೊಪೈಲ್ ಆಲ್ಕೊಹಾಲ್ ಇರುವುದನ್ನು ಆರಿಸಿ. ಅದು ನೀರಿನಲ್ಲೂ ಪೆಟ್ರೋಲಿನಲ್ಲೂ ಬೆರೆತು ಎರಡನ್ನೂ ಒಟ್ಟಿಗೆ ಎಂಜಿನಿಗೆ ಸಾಗಿಸುತ್ತದೆ. ಮೆಥನಾಲ್ ಅಗ್ಗವಾದರೂ ಕೆಲವು ಲೋಹ, ರಬ್ಬರುಗಳನ್ನು ತಿನ್ನುತ್ತದೆ. 10% ಎಥನಾಲ್ ಬೆರೆತ ಪೆಟ್ರೋಲ್ ಬಳಸುವವರಿಗೆ ಇವು ಹೆಚ್ಚಾಗಿ ಬೇಕಾಗುವುದಿಲ್ಲ, ಎಥನಾಲೇ ಸುಮಾರು 0.5% ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಳಿ ಹೆಚ್ಚಾದಂತೆ ಆ ಶಕ್ತಿ ಕುಗ್ಗುತ್ತದೆ. ಮಿತಿ ದಾಟಿದರೆ ನೀರೂ ಎಥನಾಲೂ ಸೇರಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಆಗ ಯಾವ ದ್ರವ ಹಾಕಿಯೂ ಪ್ರಯೋಜನವಿಲ್ಲ, ಟ್ಯಾಂಕು ಬರಿದು ಮಾಡಿಸಲೇಬೇಕು.

ಕಟ್ಟಿದ ಪೆಟ್ರೋಲ್ ಪೈಪಿನ ಬಳಿ ಬೆಂಕಿ, ಹೀಟ್ ಗನ್, ಹೇರ್ ಡ್ರೈಯರ್ ಮೂರೂ ನಿಷಿದ್ಧ. ಡ್ರೈಯರಿನೊಳಗಿನ ಕೆಂಪಾದ ತಂತಿ, ಮೋಟಾರಿನ ಕಿಡಿ ಎರಡೂ ಆವಿ ಹೊತ್ತಿಸಬಲ್ಲವು. ಉಳಿಯುವುದು ಎರಡೇ ದಾರಿ: ಕಿಡಿಯಾಗಲಿ ಉರಿಯಾಗಲಿ ಇರದ, ಗಾಳಿಯಾಡುವ, ಬೆಚ್ಚಗಿನ ಷೆಡ್ಡು, ಇಲ್ಲವೇ ಬಿಸಿನೀರಿನ ಬಟ್ಟೆ. ಷೆಡ್ಡಿನಲ್ಲಿ ಗಾಡಿ ತಾನಾಗಿ ಹೊರಟ ಮೇಲೆ ಅದನ್ನು ಬಾಗಿಲು ಮುಚ್ಚಿದ ಜಾಗದಲ್ಲಿ ಓಡಿಸುತ್ತಾ ನಿಲ್ಲಬೇಡಿ, ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಕೂಡಲೇ ಹೊರಗೆ ತಂದು ಬಿಸಿಯಾಗಲು ಬಿಡಿ, ಆ ದಿನವೇ ಟ್ಯಾಂಕು ತುಂಬಿಸಿ, ಪೆಟ್ರೋಲ್ ಫಿಲ್ಟರನ್ನೂ ಬದಲಿಸಿಬಿಡಿ. ಒಮ್ಮೆ ನೀರು ಕೂತ ಫಿಲ್ಟರ್ ಮುಂದಿನ ಚಳಿಯ ರಾತ್ರಿ ಅದೇ ಜಾಗದಲ್ಲಿ ಮತ್ತೆ ಕಟ್ಟುತ್ತದೆ.